ಪಚ್ಚಿಲೆಯ ತೊಟ್ಟಿಲು

ಬಯಲುಸೀಮೆಯ ಕೆರೆಗಳಲ್ಲಿ ನೀರು ಇಳಿದಾಗ ಕೆರೆಯಂಗಳದ ಕೆಸರಿನಲ್ಲಿ ಕಪ್ಪೆಚಿಪ್ಪುಗಳು ಕಾಣಸಿಗುವುದುಂಟು. ಹೊರಗೆ ಮಣ್ಣಿನ ಬಣ್ಣ, ಒಳಗೆ ಮುತ್ತಿನ ಹೊಳಪು. ಎರಡು ಹೋಳುಗಳು, ಅವನ್ನು ಹಿಡಿದಿಡುವ ಒಂದು ಕೀಲು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಸಮುದ್ರವೆಂಬುದು ಭೂಪಟದಲ್ಲಿ ಕಂಡ ನೀಲಿ ಬಣ್ಣ ಮಾತ್ರ. ಶಿರಾದಿಂದ ಮಂಗಳೂರಿನ ದಂಡೆಗೆ ಸುಮಾರು ೩೦೦ ಕಿಲೋಮೀಟರುಗಳ ದಾರಿ. ಆದರೂ ಸಮುದ್ರದಲ್ಲಿ ಬಹು ದೊಡ್ಡದಾಗಿ ಹಬ್ಬಿರುವ ಒಂದು ಬಳಗದ ಬಂಧು ಈ ಚಿಪ್ಪಿನ ರೂಪದಲ್ಲಿ ನಮ್ಮ ಕೆರೆಗಳಲ್ಲಿಯೇ ವಾಸವಾಗಿರುವನು. ಎರಡು ಚಿಪ್ಪಿನ ಮೃದ್ವಂಗಿಗಳ ಆ ಬಳಗದಲ್ಲಿ ಕರಾವಳಿಯ ಜನ ಪಚ್ಚಿಲೆ ಎಂದು ಕರೆಯುವ ಪ್ರಾಣಿಯೊಂದಿದೆ. ಅದರ ಮರಿಗಳನ್ನು ಮನುಷ್ಯನು ತೊಟ್ಟಿಗಳಲ್ಲಿ ಸಾಕುವುದು ಹೇಗೆ, ಸಾಕಬೇಕಾದುದೇಕೆ ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ. ಕೊನೆಗೆ ನಮ್ಮ ಕೆರೆಯ ಬಂಧುವಿನ ಕಡೆಗೂ ಒಮ್ಮೆ ನೋಡೋಣ.

ಮುಂಗಾರು ಬೀಳುವ ಹೊತ್ತಿಗೆ ಬಿತ್ತನೆಯ ಕಡಲೆಕಾಯಿ ಕೈಗೆ ಸಿಗದಿದ್ದರೆ ಹೊಲ ಎಷ್ಟು ಹಸನಾಗಿದ್ದರೂ ಪ್ರಯೋಜನವಿಲ್ಲ ಎಂಬುದನ್ನು ನಮ್ಮ ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹದ ತಪ್ಪಿದ ಮೇಲೆ ಬಂದ ಬೀಜವು ಬೀಜವೇ ಅಲ್ಲ. ಪಚ್ಚಿಲೆಯನ್ನು ಬೆಳೆಯುವ ಕರಾವಳಿಯ ಬೇಸಾಯಗಾರರ ಕಷ್ಟವೂ ಇದೇ ಬಗೆಯದು. ಅವರಿಗೆ ನೀರುಂಟು, ಹಗ್ಗವುಂಟು, ಕೊಳ್ಳುವವರೂ ಉಂಟು. ಬಿತ್ತನೆಗೆ ಬೇಕಾದ ಮರಿಗಳದೇ ಚಿಂತೆ.

ಬಂಡೆಯಿಂದ ಹಗ್ಗಕ್ಕೆ

ಪಚ್ಚಿಲೆಯು ಸಮುದ್ರದ ಅಂಚಿನ ಬಂಡೆಗಳಿಗೆ ಗುಂಪುಗುಂಪಾಗಿ ಅಂಟಿಕೊಂಡು ಬಾಳುವ ಪ್ರಾಣಿ. ಶಾಸ್ತ್ರಜ್ಞರು ಇದನ್ನು ಪರ್ನಾ ವಿರಿಡಿಸ್ ಎನ್ನುವರು. ವಿರಿಡಿಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಹಸಿರು. ಚಿಪ್ಪಿನ ಹಸಿರು ಬಣ್ಣದಿಂದ ಬಂದ ಹೆಸರು. ಮಂಗಳೂರು, ಉಡುಪಿಗಳ ಕಡೆ ಇದರ ಸುಕ್ಕ ಮಾಡುವರು. ಕಾಸರಗೋಡಿನಿಂದ ದಕ್ಷಿಣಕ್ಕೆ ಹೋದರೆ ಇದೇ ಕಲ್ಲುಮ್ಮಕ್ಕಾಯಿಯಾಗುವುದು. ಪಚ್ಚಿಲೆಗೆ ಆಹಾರ ಹುಡುಕುತ್ತ ಅಲೆಯುವ ಕಷ್ಟವಿಲ್ಲ. ಬೆಳೆದ ಪಚ್ಚಿಲೆಯೊಂದು ಗಂಟೆಗೆ ಕೆಲವು ಲೀಟರುಗಳಷ್ಟು ನೀರನ್ನು ತನ್ನ ಕಿವಿರುಗಳ ಮೂಲಕ ಹಾಯಿಸಿ, ಅದರಲ್ಲಿ ತೇಲುವ ಸೂಕ್ಷ್ಮ ಸಸ್ಯಗಳನ್ನು ಸೋಸಿ ತಿನ್ನುವುದು. ಆದುದರಿಂದ ಇದನ್ನು ಬೆಳೆಯುವವನು ಮೇವಿಗಾಗಿ ಒಂದು ಕಾಸನ್ನೂ ವೆಚ್ಚಮಾಡಬೇಕಾಗಿಲ್ಲ. ಅಲೆಯೇ ಊಟವನ್ನು ತಂದು ಬಡಿಸುವುದು.

ಈ ಗುಣವನ್ನು ಕಂಡುಕೊಂಡೇ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ೧೯೭೦ರ ದಶಕದಿಂದ ಪಚ್ಚಿಲೆಯ ಬೇಸಾಯದ ಪ್ರಯೋಗಗಳನ್ನು ನಡೆಸಿದರು. ೧೯೪೭ರಲ್ಲಿ ಹುಟ್ಟಿದ ಈ ಸಂಸ್ಥೆಯ ಕೇಂದ್ರಸ್ಥಾನ ಈಗ ಕೊಚ್ಚಿಯಲ್ಲಿದೆ. ಮಂಗಳೂರಿನಲ್ಲಿಯೂ ಕಾರವಾರದಲ್ಲಿಯೂ ಅದರ ಕೇಂದ್ರಗಳಿವೆ. ೧೯೯೦ರ ದಶಕದ ನಡುವಿನ ವರ್ಷಗಳಲ್ಲಿ ಕಾಸರಗೋಡು ಜಿಲ್ಲೆಯ ಪಡನ್ನದ ಹಿನ್ನೀರಿನಲ್ಲಿ ಈ ಬೇಸಾಯ ಜನರ ಕೈಗೆ ಬಂದಿತು. ಮಹಿಳೆಯರ ಸ್ವಸಹಾಯ ಗುಂಪುಗಳು ಇದನ್ನು ಕೈಗೊಂಡುದು ವಿಶೇಷ. ಅನಂತರ ಕರ್ನಾಟಕದಲ್ಲಿ ಮುಲ್ಕಿ, ಬೈಂದೂರುಗಳ ಅಳಿವೆಗಳಲ್ಲಿಯೂ ಪ್ರಯೋಗಗಳು ನಡೆದುವು.

ವಿಧಾನವು ಸರಳವಾಗಿದೆ. ಅಳಿವೆಯ ನೀರಿನಲ್ಲಿ ಬಿದಿರಿನ ಗಳುಗಳಿಂದ ಚಪ್ಪರದಂತಹ ಚೌಕಟ್ಟನ್ನು ನಿಲ್ಲಿಸುವರು. ಸುಮಾರು ಎರಡು ಸೆಂಟಿಮೀಟರು ಉದ್ದದ ಪಚ್ಚಿಲೆ ಮರಿಗಳನ್ನು ಹಗ್ಗದ ಸುತ್ತ ಹರಡಿ, ಸೊಳ್ಳೆಪರದೆಯ ಹತ್ತಿಬಟ್ಟೆಯಿಂದ ಸುತ್ತಿ ಹೊಲಿದು, ಹಗ್ಗವನ್ನು ಚೌಕಟ್ಟಿಗೆ ತೂಗುಬಿಡುವರು. ಕೆಲವೇ ದಿನಗಳಲ್ಲಿ ಬಟ್ಟೆ ಕೊಳೆತು ಹೋಗುವುದು. ಅಷ್ಟರಲ್ಲಿ ಮರಿಗಳು ನೂಲುಗಳನ್ನು ಹೊರಡಿಸಿ ಹಗ್ಗವನ್ನು ಹಿಡಿದಿರುವುವು. ನವೆಂಬರು, ಡಿಸೆಂಬರುಗಳಲ್ಲಿ ತೂಗಿದ ಹಗ್ಗವನ್ನು ಏಪ್ರಿಲ್, ಮೇ ತಿಂಗಳುಗಳಲ್ಲಿ ಎತ್ತುವರು. ಏಕೆ ಈ ಅವಧಿಯಲ್ಲಿಯೇ? ಮಳೆಗಾಲದಲ್ಲಿ ಹೊಳೆಗಳು ತುಂಬಿ ಹರಿದಾಗ ಅಳಿವೆಯ ಉಪ್ಪುನೀರು ಸಿಹಿಯಾಗುವುದು. ಆ ನೀರಿನಲ್ಲಿ ಪಚ್ಚಿಲೆ ಬದುಕಲಾರದು. ಒಂದು ಮಳೆಗಾಲ ಮುಗಿದು ನೀರು ಉಪ್ಪಾದಂದಿನಿಂದ ಮತ್ತೊಂದು ಮಳೆಗಾಲದವರೆಗಿನ ಆರು ತಿಂಗಳೇ ಇದರ ಕಾಲ. ಮರಿ ಒಂದು ತಿಂಗಳು ತಡವಾಗಿ ಬಂದರೆ ಫಸಲಿನ ಆರನೆಯ ಒಂದು ಭಾಗ ಕಾಲವೇ ಹೋಯಿತೆಂದು ಅರ್ಥ.

ಮರಿಗಳು ಬರುವುದೆಲ್ಲಿಂದ? ಇದುವರೆಗೆ ಬಂಡೆಗಳಿಂದಲೇ. ನಮ್ಮ ಪಶ್ಚಿಮ ತೀರದಲ್ಲಿ ಪಚ್ಚಿಲೆಯು ಮುಖ್ಯವಾಗಿ ಮಳೆಗಾಲದಲ್ಲಿ ಸಂತಾನೋತ್ಪತ್ತಿ ಮಾಡುವುದು. ಮಳೆ ಕಡಿಮೆಯಾಗುತ್ತ ಬಂದಂತೆ ಬಂಡೆಗಳ ಮೇಲೆ ಎಳೆಯ ಮರಿಗಳು ಹಾಸಿದಂತೆ ಕಾಣಿಸಿಕೊಳ್ಳುವುವು. ಅವನ್ನು ಕೆರೆದು ತಂದು ಬೇಸಾಯಗಾರರಿಗೆ ಮಾರುವರು. ಆದರೆ ಅದೇ ಬಂಡೆಯ ಪಚ್ಚಿಲೆಯನ್ನು ಬೆಳೆದ ಮೇಲೆ ಕಿತ್ತು ಮಾರಿ ಜೀವಿಸುವ ಜನರೂ ಇದ್ದಾರೆ. ಇಂದು ಮರಿಯನ್ನು ಕೆರೆದರೆ ನಾಳೆ ತಮಗೆ ಫಸಲೆಲ್ಲಿ ಎಂಬುದು ಅವರ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೂ ಹೌದು. ಕೆಲವು ವರ್ಷ ಬಂಡೆಗಳ ಮೇಲೆ ಮರಿಗಳು ಯಥೇಚ್ಛವಾಗಿ ಬೀಳುವುವು, ಕೆಲವು ವರ್ಷ ಬೀಳವು. ಹೀಗಾಗಿ ಒಂದೇ ಬಂಡೆಯನ್ನು ನಂಬಿದ ಎರಡು ಬಗೆಯ ಬಡಜನರ ನಡುವೆ ಜಗಳ ಹುಟ್ಟುವುದು. ಈ ಜಗಳವನ್ನು ಬಿಡಿಸುವ ಶಕ್ತಿ ವಿಜ್ಞಾನಕ್ಕೆ ಉಂಟೆ? ಬಂಡೆಯನ್ನು ಮುಟ್ಟದೆ ಮರಿಯನ್ನು ಪಡೆಯಲು ಸಾಧ್ಯವಾದರೆ ಉಂಟು. ಹ್ಯಾಚರಿ ಎಂಬ ಮರಿ ಉತ್ಪಾದನಾ ಕೇಂದ್ರದ ಮಹತ್ವವಿರುವುದು ಇಲ್ಲಿಯೇ.

ಹತ್ತಾರು ಲಕ್ಷದಲ್ಲಿ ಎರಡು

ಚೆನ್ನಾಗಿ ಬಲಿತ ಹೆಣ್ಣು ಪಚ್ಚಿಲೆಯೊಂದು ಒಮ್ಮೆಗೆ ಹತ್ತಾರು ಲಕ್ಷ ಮೊಟ್ಟೆಗಳನ್ನು ನೀರಿಗೆ ಬಿಡಬಲ್ಲದು. ಆದರೂ ಸಮುದ್ರವು ಪಚ್ಚಿಲೆಗಳಿಂದ ತುಂಬಿಹೋಗಿಲ್ಲ. ಬಂಡೆಯ ಮೇಲಿನ ಪಚ್ಚಿಲೆಗಳ ಸಂಖ್ಯೆ ತಲೆಮಾರಿನಿಂದ ತಲೆಮಾರಿಗೆ ಹೆಚ್ಚುಕಡಿಮೆ ಸಮವಾಗಿರುವುದಾದರೆ, ಒಂದು ಗಂಡು ಮತ್ತು ಒಂದು ಹೆಣ್ಣು ತಮ್ಮ ಜೀವಮಾನದಲ್ಲಿ ಹುಟ್ಟಿಸಿದ ಸಂತಾನದಲ್ಲಿ ಸರಾಸರಿ ಎರಡು ಮಾತ್ರ ಬದುಕಿ ದೊಡ್ಡವಾಗುತ್ತವೆಂದಾಯಿತು. ಉಳಿದುವೆಲ್ಲ ಮೀನಿಗೆ, ಏಡಿಗೆ, ಹಸಿವಿಗೆ, ಹೊರಕಡಲಿಗೆ ಕೊಚ್ಚಿಕೊಂಡು ಹೋಗುವ ಪ್ರವಾಹಕ್ಕೆ ಬಲಿಯಾಗುವುವು. ಅಳಿಯುವ ಜೀವಗಳಲ್ಲಿ ಬಹುಪಾಲು ಅಳಿಯುವುದು ಹುಟ್ಟಿದ ಮೊದಲ ಮೂರು ವಾರಗಳಲ್ಲಿ. ಹ್ಯಾಚರಿಯು ಹೊಸ ಜೀವವನ್ನೇನೂ ಸೃಷ್ಟಿಸುವುದಿಲ್ಲ. ಆ ಮೂರು ವಾರಗಳ ಕಾಲ ಮೀನನ್ನೂ ಹಸಿವನ್ನೂ ಪ್ರವಾಹವನ್ನೂ ದೂರವಿಟ್ಟು ಕಾಯುವುದಷ್ಟೇ ಅದರ ಕೆಲಸ.

ಮೊದಲು ತಾಯಿತಂದೆಗಳನ್ನು ಆರಿಸಬೇಕು. ಪಚ್ಚಿಲೆಯಲ್ಲಿ ಗಂಡು ಹೆಣ್ಣುಗಳು ಬೇರೆಬೇರೆ. ಹೊರಗಿನಿಂದ ನೋಡಿದರೆ ತಿಳಿಯದು. ಚಿಪ್ಪನ್ನು ತೆರೆದರೆ ಬಲಿತ ಗಂಡಿನ ಮಾಂಸ ಕೆನೆಯ ಬಣ್ಣವಾಗಿಯೂ ಹೆಣ್ಣಿನದು ಕಿತ್ತಳೆಗೆಂಪಾಗಿಯೂ ಕಾಣುವುದು. ಚಿಪ್ಪಿಗಂಟಿದ ಕೊಳೆಯನ್ನೆಲ್ಲ ಉಜ್ಜಿ ತೊಳೆದು, ಕೆಲವು ಗಂಟೆ ನೀರಿಲ್ಲದೆ ಇಟ್ಟು, ಅನಂತರ ಎಂದಿಗಿಂತ ಕೆಲವು ಡಿಗ್ರಿ ಬೆಚ್ಚಗಾಗಿರುವ ಸಮುದ್ರದ ನೀರಿಗೆ ಬಿಡುವರು. ಈ ಉಷ್ಣದ ಆಘಾತದಿಂದ ಪ್ರಚೋದಿತವಾಗಿ ಸಾಮಾನ್ಯವಾಗಿ ಗಂಡುಗಳು ಮೊದಲು ಹಾಲಿನ ಎಳೆಯಂತೆ ವೀರ್ಯವನ್ನು ಬಿಡುವುವು. ನೀರಿನಲ್ಲಿ ಅದರ ಸುಳಿವು ಸಿಕ್ಕೊಡನೆ ಹೆಣ್ಣುಗಳೂ ಮೊಟ್ಟೆಯಿಡಲು ತೊಡಗುವುವು. ಒಂದು ಮೊಟ್ಟೆಯ ವ್ಯಾಸ ಸುಮಾರು ೫೦ರಿಂದ ೬೦ ಮೈಕ್ರಾನು. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನಮ್ಮ ತಲೆಗೂದಲಿನ ದಪ್ಪವೇ ಸುಮಾರು ೭೦ ಮೈಕ್ರಾನು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ವೀರ್ಯ ಮೊಟ್ಟೆಗಳು ಕೂಡಿದ ಮೇಲೆ ಘಟನೆಗಳು ಬೇಗಬೇಗನೆ ಸಾಗುವುವು. ಒಂದು ಕೋಶ ಎರಡಾಗಿ, ನಾಲ್ಕಾಗಿ, ಎಂಟಾಗಿ, ಕೆಲವೇ ಗಂಟೆಗಳಲ್ಲಿ ಕೂದಲಿನಂತಹ ಲೋಮಾಂಗಗಳಿಂದ ತಿರುಗುತ್ತ ಈಜುವ ಬುಗುರಿಯಾಗುವುದು. ಒಂದು ದಿನ ತುಂಬುವಷ್ಟರಲ್ಲಿ ಎರಡು ತೆಳುವಾದ ಚಿಪ್ಪುಗಳು ಮೂಡಿ, ಸೂಕ್ಷ್ಮದರ್ಶಕದಲ್ಲಿ ಅರ್ಧಚಂದ್ರದಂತೆ, ರೋಮನ್ ಲಿಪಿಯ ‘ಡಿ’ ಅಕ್ಷರದಂತೆ ಕಾಣುವ ಡಿಂಬವಾಗುವುದು. ಆಗ ಅದರ ಉದ್ದ ಸುಮಾರು ೭೫ ಮೈಕ್ರಾನು. ಚಿಪ್ಪಿನ ಸಂದಿನಿಂದ ಅದು ಲೋಮಾಂಗಗಳಿರುವ ಒಂದು ಪದರವನ್ನು ಹೊರಚಾಚಿ ಬೀಸುತ್ತಿರುವುದು. ಈಜುವುದಕ್ಕೂ ಉಣ್ಣುವುದಕ್ಕೂ ಅದೇ ಸಾಧನ.

ನೀರು ಜೇನಾದಾಗ

ಇಲ್ಲಿ ಭೌತವಿಜ್ಞಾನದ ಒಂದು ಮಾತನ್ನು ಹೇಳದೆ ಮುಂದುವರಿಯಲಾಗದು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಎತ್ತರದ ಗಾಜಿನ ಜಾಡಿಯಲ್ಲಿ ಹರಳೆಣ್ಣೆಯನ್ನು ತುಂಬಿ, ಉಕ್ಕಿನ ಸಣ್ಣ ಗುಂಡುಗಳನ್ನು ಬಿಟ್ಟು, ಅವು ಇಳಿಯುವ ವೇಗವನ್ನು ಗಡಿಯಾರದಿಂದ ಅಳೆಯುವ ಪ್ರಯೋಗ ಅನೇಕರಿಗೆ ಪರಿಚಿತವಾದುದು. ೧೮೫೧ರಲ್ಲಿ ಸ್ಟೋಕ್ಸ್ ಎಂಬ ವಿಜ್ಞಾನಿಯು ಪ್ರಕಟಿಸಿದ ನಿಯಮವನ್ನು ಆ ಪ್ರಯೋಗವು ತೋರಿಸಿಕೊಡುವುದು. ಗುಂಡಿನ ತ್ರಿಜ್ಯವು ಎರಡರಷ್ಟಾದರೆ ಇಳಿಯುವ ವೇಗ ನಾಲ್ಕರಷ್ಟಾಗುವುದು. ಎಂದರೆ ವೇಗವು ತ್ರಿಜ್ಯದ ವರ್ಗವನ್ನು ಅನುಸರಿಸುವುದು. ಪಚ್ಚಿಲೆಯ ಡಿಂಬಕ್ಕೆ ಸಮುದ್ರದ ನೀರೇ ಹರಳೆಣ್ಣೆ. ಅಷ್ಟು ಸಣ್ಣ ದೇಹಕ್ಕೆ ನೀರಿನ ಸ್ನಿಗ್ಧತೆಯೇ ಎಲ್ಲಕ್ಕಿಂತ ದೊಡ್ಡ ಬಲ. ನಾವು ಈಜುವಾಗ ಕೈಕಾಲು ನಿಲ್ಲಿಸಿದರೂ ಸ್ವಲ್ಪ ದೂರ ಮುಂದಕ್ಕೆ ಜಾರುತ್ತೇವೆ. ಡಿಂಬವು ಲೋಮಾಂಗವನ್ನು ನಿಲ್ಲಿಸಿತೆಂದರೆ ತನ್ನ ದೇಹದ ನೂರರಲ್ಲೊಂದು ಪಾಲಿನಷ್ಟೂ ಮುಂದೆ ಸರಿಯದೆ ನಿಂತುಬಿಡುವುದು, ಒಡನೆಯೇ ಮುಳುಗತೊಡಗುವುದು.

ಎಷ್ಟು ವೇಗವಾಗಿ? ಡಿಂಬವನ್ನು ಗೋಳವೆಂದೂ, ಅದರ ಸಾಂದ್ರತೆಯು ನೀರಿಗಿಂತ ನೂರಕ್ಕೆ ಹತ್ತರಷ್ಟು ಹೆಚ್ಚೆಂದೂ ಇಟ್ಟುಕೊಂಡು ಲೆಕ್ಕಹಾಕಿದರೆ, ೭೫ ಮೈಕ್ರಾನಿನ ಡಿಂಬ ಸೆಕೆಂಡಿಗೆ ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು ಇಳಿಯುವುದು. ಒಂದು ಮೀಟರು ಆಳದ ತೊಟ್ಟಿಯಲ್ಲಿ ಮೇಲಿನಿಂದ ತಳಕ್ಕೆ ಮುಟ್ಟಲು ಸುಮಾರು ೫೦ ನಿಮಿಷ. ಅದೇ ಡಿಂಬ ಬೆಳೆದು ೩೦೦ ಮೈಕ್ರಾನಾಯಿತೆನ್ನೋಣ. ಗಾತ್ರ ನಾಲ್ಕರಷ್ಟು, ವೇಗ ಹದಿನಾರರಷ್ಟು. ಈಗ ತಳಮುಟ್ಟಲು ಮೂರು ನಿಮಿಷವೇ ಸಾಕು. ಎಳೆಯ ಡಿಂಬಕ್ಕೆ ತೇಲುವುದು ಸುಲಭ; ಬೆಳೆದಂತೆಲ್ಲ ತೇಲುವುದೇ ದುಡಿಮೆಯಾಗುವುದು. ತೇಲುವ ಬಾಳನ್ನು ಬಿಟ್ಟು ನೆಲೆ ಹಿಡಿಯುವ ಹೊತ್ತಿಗೂ ಈ ಭಾರಕ್ಕೂ ಹೊಂದಿಕೆಯಿರುವುದನ್ನು ಮುಂದೆ ಕಾಣುವೆವು. ಹ್ಯಾಚರಿಯ ತೊಟ್ಟಿಗಳಲ್ಲಿ ಗಾಳಿಯ ಗುಳ್ಳೆಗಳನ್ನು ಮೆಲ್ಲಗೆ ಹಾಯಿಸುವುದು ಉಸಿರಾಟಕ್ಕಾಗಿ ಮಾತ್ರವಲ್ಲ, ಡಿಂಬಗಳು ತಳದಲ್ಲಿ ರಾಶಿ ಬೀಳದಂತೆ ನೋಡಿಕೊಳ್ಳುವುದಕ್ಕಾಗಿಯೂ ಹೌದು. ಆದರೆ ಗುಳ್ಳೆಯ ರಭಸ ಹೆಚ್ಚಾದರೆ ಎಳೆಯ ಚಿಪ್ಪುಗಳಿಗೆ ಪೆಟ್ಟು.

ಊಟದ ಲೆಕ್ಕ

ಹತ್ತುನೂರು ಲೀಟರಿನ ಒಂದು ತೊಟ್ಟಿಯನ್ನು ತೆಗೆದುಕೊಳ್ಳೋಣ. ಒಂದು ಮಿಲಿಲೀಟರಿಗೆ ಐದು ಡಿಂಬಗಳಂತೆ ಅದರಲ್ಲಿ ೫೦ ಲಕ್ಷ ಡಿಂಬಗಳು ಇರುವುವು. ಅವುಗಳ ಊಟ ಐಸೊಕ್ರೈಸಿಸ್ ಮುಂತಾದ ಒಂದೇ ಕೋಶದ ಪಾಚಿಗಳು. ಡಿಂಬದ ಕಿರಿಬಾಯಿಗೆ ಹಿಡಿಸುವಂತಹವು, ಕೆಲವೇ ಮೈಕ್ರಾನಿನ ತುತ್ತುಗಳು. ಮಿಲಿಲೀಟರಿಗೆ ದಿನವೊಂದಕ್ಕೆ ೧೦,೦೦೦ ಕೋಶಗಳನ್ನು ಕೊಟ್ಟರೆ ಇಡೀ ತೊಟ್ಟಿಗೆ ೧,೦೦೦ ಕೋಟಿ ಕೋಶಗಳು ಬೇಕು. ಇದು ಗಾಬರಿ ಹುಟ್ಟಿಸುವ ಸಂಖ್ಯೆಯಾದರೂ, ಚೆನ್ನಾಗಿ ಬೆಳೆದ ಪಾಚಿಯ ಕೃಷಿಯಲ್ಲಿ ಮಿಲಿಲೀಟರಿಗೆ ೧೦ ಲಕ್ಷ ಕೋಶಗಳಿರುವುದರಿಂದ ದಿನಕ್ಕೆ ೧೦ ಲೀಟರು ಪಾಚಿಯ ನೀರು ಸಾಕಾಗುವುದು. ಈ ಪಾಚಿಯನ್ನು ಶುದ್ಧವಾಗಿ, ಬೆಳಕಿನ ದೀಪಗಳ ಮುಂದೆ, ಗಾಜಿನ ಸೀಸೆಗಳಿಂದ ಆರಂಭಿಸಿ ದೊಡ್ಡ ಪಾತ್ರೆಗಳವರೆಗೆ ಹಂತಹಂತವಾಗಿ ಬೆಳೆಸಬೇಕು. ಹ್ಯಾಚರಿಯ ದುಡಿಮೆಯಲ್ಲಿ ದೊಡ್ಡ ಪಾಲು ಡಿಂಬಗಳ ಸೇವೆಗಿಂತ ಈ ಪಾಚಿಯ ಸೇವೆಗೇ ಸಲ್ಲುವುದು.

ಇನ್ನು ನೀರು. ಸಮುದ್ರದ ನೀರನ್ನು ಮರಳಿನ ಹಾಸಿನಲ್ಲಿಯೂ, ಅನಂತರ ಒಂದು ಮೈಕ್ರಾನಿನ ಸೋಸುಗಳಲ್ಲಿಯೂ ಸೋಸಿ, ಅತಿನೇರಿಳೆ ಕಿರಣಗಳಿಂದ ಶುದ್ಧಮಾಡಿ ಬಳಸುವರು. ಆಗಾಗ ತೊಟ್ಟಿಯ ನೀರನ್ನೆಲ್ಲ ಜರಡಿಯ ಮೂಲಕ ಬಸಿದು, ಜರಡಿಯಲ್ಲಿ ನಿಂತ ಡಿಂಬಗಳನ್ನು ಹೊಸ ನೀರಿಗೆ ಬಿಡುವರು. ಡಿಂಬ ಬೆಳೆದಂತೆ ಜರಡಿಯ ಕಣ್ಣೂ ದೊಡ್ಡದಾಗುವುದು. ಬೆಳೆಯದೆ ಹಿಂದುಳಿದವು ಸೋರಿಹೋಗುವುವು. ಇಷ್ಟೊಂದು ಮಡಿ ಏತಕ್ಕೆ? ಉಷ್ಣವಲಯದ ಹ್ಯಾಚರಿಯ ಗುಟ್ಟೂ ಅಪಾಯವೂ ಇದರಲ್ಲಿಯೇ ಅಡಗಿವೆ.

ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಮಿಲ್ಫರ್ಡ್ ಪ್ರಯೋಗಶಾಲೆಯಲ್ಲಿ ಲೂಸನಾಫ್ ಮತ್ತು ಡೇವಿಸ್ ಎಂಬ ವಿಜ್ಞಾನಿಗಳು ಬಗೆಬಗೆಯ ಚಿಪ್ಪುಪ್ರಾಣಿಗಳನ್ನು ಡಿಂಬದಿಂದ ಸಾಕುವ ವಿಧಾನಗಳನ್ನು ರೂಪಿಸಿ ೧೯೬೩ರಲ್ಲಿ ಒಂದು ದೀರ್ಘ ಪ್ರಬಂಧವನ್ನು ಪ್ರಕಟಿಸಿದರು. ಜಗತ್ತಿನ ಹ್ಯಾಚರಿಗಳಿಗೆಲ್ಲ ಅದು ಬಹುಕಾಲ ಕೈಪಿಡಿಯಾಗಿದ್ದಿತು. ಶೀತಪ್ರದೇಶದಲ್ಲಿ ತಾಯಿಗಳನ್ನು ಬಲಿಯಿಸಲು ನೀರನ್ನು ಕಾಯಿಸಬೇಕು. ಅಲ್ಲಿನ ತಣ್ಣೀರಿನಲ್ಲಿ ನೀಲಿ ಮಸೆಲ್ ಎಂಬ ಬಂಧುವಿನ ಡಿಂಬ ನೆಲೆಯೂರಲು ಒಂದು ತಿಂಗಳೋ ಅದಕ್ಕೂ ಹೆಚ್ಚೋ ಬೇಕಾಗಬಹುದು. ನಮ್ಮ ೨೮–೩೦ ಡಿಗ್ರಿ ಸೆಲ್ಸಿಯಸಿನ ನೀರಿನಲ್ಲಿ ಪಚ್ಚಿಲೆ ಹದಿನೈದರಿಂದ ಇಪ್ಪತ್ತು ದಿನಗಳಲ್ಲಿ ಆ ಘಟ್ಟವನ್ನು ಮುಟ್ಟುವುದು. ಸೂರ್ಯನು ನಮಗೆ ಪುಕ್ಕಟೆಯಾಗಿ ಒಲೆ ಹೊತ್ತಿಸಿಟ್ಟಿದ್ದಾನೆ. ಆದರೆ ಆ ಒಲೆ ಬ್ಯಾಕ್ಟೀರಿಯಗಳಿಗೂ ಬೆಚ್ಚಗೇ ಇರುವುದು. ಒಂದು ಬ್ಯಾಕ್ಟೀರಿಯ ಅರ್ಧ ಗಂಟೆಗೊಮ್ಮೆ ಎರಡಾಗುವುದಾದರೆ ಹತ್ತು ಗಂಟೆಗಳಲ್ಲಿ ಹತ್ತು ಲಕ್ಷವನ್ನು ಮೀರುವುದು. ಸಂಜೆ ಮೇವು ಸ್ವಲ್ಪ ಹೆಚ್ಚಾಗಿ ಕೊಳೆತರೆ ಬೆಳಗಾಗುವಷ್ಟರಲ್ಲಿ ವಿಬ್ರಿಯೊ ಜಾತಿಯ ರೋಗಾಣುಗಳು ತೊಟ್ಟಿಯನ್ನೇ ಬರಿದುಮಾಡಬಲ್ಲುವು. ಸಾಲದುದಕ್ಕೆ, ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಬೇಗ ಬೆಳೆಯುವ ವರ, ಬೇಗ ಕೆಡುವ ಶಾಪ. ಎರಡೂ ಒಂದೇ ಉಷ್ಣತೆಯಿಂದ ಬಂದವು.

ನೆಲೆ ಹುಡುಕುವ ದಿನ

ಎರಡು ವಾರಗಳ ಸುಮಾರಿಗೆ ಡಿಂಬದ ಮೈಯಲ್ಲಿ ಒಂದು ಕಪ್ಪು ಚುಕ್ಕೆ ಮೂಡುವುದು. ಅದು ಬೆಳಕನ್ನು ಗುರುತಿಸುವ ಕಣ್ಚುಕ್ಕೆ. ಬೆನ್ನಿಗೇ ನಾಲಗೆಯಂತಹ ಒಂದು ಪಾದವೂ ಬೆಳೆಯುವುದು. ಉದ್ದ ಈಗ ೩೦೦ ಮೈಕ್ರಾನಿನ ಆಸುಪಾಸು; ನಮ್ಮ ಲೆಕ್ಕದಂತೆ ತೇಲುವುದು ಬಲು ಶ್ರಮವಾಗಿರುವ ಗಾತ್ರ. ಡಿಂಬವು ತಳಕ್ಕಿಳಿದು ಪಾದದಿಂದ ತಡಕುತ್ತ ತೆವಳುವುದು, ಮನಸ್ಸೊಪ್ಪದಿದ್ದರೆ ಮತ್ತೆ ಈಜುವುದು. ನೂಲುನೂಲಾದ, ಒರಟಾದ ಆಸರೆ ಅದಕ್ಕೆ ಪ್ರಿಯ. ಆದುದರಿಂದ ಈ ಹೊತ್ತಿಗೆ ಹ್ಯಾಚರಿಯವರು ತೊಟ್ಟಿಯಲ್ಲಿ ನಾರಿನ ಹಗ್ಗಗಳನ್ನೂ ಬಲೆಯ ತುಂಡುಗಳನ್ನೂ ಇಳಿಬಿಡುವರು.

ನೆಲೆ ಒಪ್ಪಿಗೆಯಾದರೆ ಪಾದದ ಗ್ರಂಥಿಯಿಂದ ಒಂದು ದ್ರವ ಒಸರಿ ರೇಷ್ಮೆಯಂತಹ ನೂಲಾಗಿ ಗಟ್ಟಿಗೊಳ್ಳುವುದು. ಅಲೆಯ ಹೊಡೆತಕ್ಕೆ ಜಗ್ಗದಂತೆ, ನೀರಿನೊಳಗೇ ಕಲ್ಲಿಗೆ ಅಂಟುವ ಗೋಂದು ಇದು. ಅನಂತರ ಈಜುವ ಪದರ ಅಳಿದು, ಕಿವಿರುಗಳು ಬೆಳೆದು ಸೋಸಿ ತಿನ್ನುವ ಬಾಳು ಆರಂಭವಾಗುವುದು. ಕಂಬಳಿಹುಳು ಚಿಟ್ಟೆಯಾಗುವ ರೂಪಾಂತರಕ್ಕೆ ಇದೇನೂ ಕಡಿಮೆಯದಲ್ಲ. ಹಳೆಯ ಅಂಗ ಹೋಗಿ ಹೊಸ ಅಂಗ ಬರುವ ಈ ಒಂದೆರಡು ದಿನಗಳಲ್ಲಿ ಉಣ್ಣುವುದೇ ಕಷ್ಟವಾಗಿ ಎಷ್ಟೋ ಮರಿಗಳು ಸಾಯುವುವು. ಬದುಕಿದವೂ ಸ್ಥಿರವೆಂದು ಹೇಳುವಂತಿಲ್ಲ. ಈ ಬಳಗದ ಎಳೆಯ ಮರಿಗಳು ನೂಲನ್ನು ಕಡಿದುಕೊಂಡು, ಉದ್ದವಾದ ಸೂಕ್ಷ್ಮ ಎಳೆಯೊಂದನ್ನು ಹೊರಡಿಸಿ, ಪ್ರವಾಹದಲ್ಲಿ ತೇಲಿ ಬೇರೆಡೆಗೆ ಹೋಗಬಲ್ಲುವು. ಜೇಡದ ಮರಿಗಳು ಎಳೆಯೊಂದನ್ನು ಹಿಡಿದು ಗಾಳಿಯಲ್ಲಿ ತೇಲುವ ಬಗೆಯೂ ಇದೇ.

ಘನದ ನಿಯಮ

ಹಗ್ಗದ ಮೇಲೆ ಮರಿಗಳು ಕುಳಿತೊಡನೆ ಕೆಲಸ ಮುಗಿಯಿತೆಂದು ಭಾವಿಸಬಹುದು. ನಿಜವಾದ ಸಮಸ್ಯೆ ಆಗಲೇ ಆರಂಭವಾಗುವುದು. ಮರಿಯ ಉದ್ದ ಮಿಲಿಮೀಟರಿನ ಹತ್ತರಲ್ಲಿ ಮೂರು ಪಾಲು. ಬೇಸಾಯಗಾರನಿಗೆ ಬೇಕಾದುದು ೨೦ ಮಿಲಿಮೀಟರಿನ ಮರಿ. ಉದ್ದವು ಸುಮಾರು ೬೭ರಷ್ಟಾಗಬೇಕು. ಆದರೆ ತೂಕವು ಉದ್ದದ ಘನವನ್ನು ಅನುಸರಿಸುವುದು. ೬೭ರ ಘನ ಸುಮಾರು ಮೂರು ಲಕ್ಷ! ತೂಕ ಮೂರು ಲಕ್ಷ ಪಟ್ಟು ಬೆಳೆಯಬೇಕಾದ ಪ್ರಾಣಿಗೆ ಸೀಸೆಯಲ್ಲಿ ಪಾಚಿ ಬೆಳೆಸಿ ಉಣಿಸುವವನು ಬೇಗನೆ ದಿವಾಳಿಯಾಗುವನು. ಪಚ್ಚಿಲೆಯ ಬೆಲೆ ಮುತ್ತಿನ ಬೆಲೆಯಲ್ಲ. ಅದು ಸಾಮಾನ್ಯ ಜನರ ಊಟದ ವಸ್ತು.

ಒಂದು ತೊಟ್ಟಿಯ ಫಲವನ್ನು ಊಹಿಸಿ ನೋಡೋಣ. ೫೦ ಲಕ್ಷ ಡಿಂಬಗಳಲ್ಲಿ ನೂರಕ್ಕೆ ಐದರಂತೆ ಎರಡೂವರೆ ಲಕ್ಷ ನೆಲೆಯೂರಿದುವೆನ್ನಿ. ಅವುಗಳಲ್ಲಿ ಅರ್ಧ ಬಿತ್ತನೆಯ ಗಾತ್ರಕ್ಕೆ ಬೆಳೆದುವೆನ್ನಿ. ಒಂದು ಮೀಟರು ಹಗ್ಗಕ್ಕೆ ಸಾವಿರದ ಲೆಕ್ಕದಲ್ಲಿ ಅವು ೧೨೫ ಮೀಟರು ಹಗ್ಗಕ್ಕೆ ಆಗುವುವು. ಸಮುದ್ರದ ಲಾಟರಿಗೆ ಹೋಲಿಸಿದರೆ ಇದು ಅದ್ಭುತ. ಒಂದು ಹಳ್ಳಿಯ ಬೇಸಾಯಕ್ಕೆ ಹೋಲಿಸಿದರೆ ಅಲ್ಪ. ಹೀಗಾಗಿ ಹ್ಯಾಚರಿಗೆ ಹಲವು ತೊಟ್ಟಿಗಳು ಬೇಕು. ಮರಿಗಳನ್ನು ಆದಷ್ಟು ಎಳೆಯದರಲ್ಲಿಯೇ ಹಗ್ಗದ ಸಮೇತ ಸಮುದ್ರಕ್ಕೆ ಒಯ್ದು, ಬಲೆಯ ಮರೆಯಲ್ಲಿಟ್ಟು, ಅಲೆಯ ಪುಕ್ಕಟೆ ಊಟದಿಂದಲೇ ಬೆಳೆಸುವುದು ಅನಿವಾರ್ಯ. ರೇಷ್ಮೆ ಸಾಕುವ ನಮ್ಮ ಹಳ್ಳಿಗಳವರಿಗೆ ಇದು ಹೊಸ ಮಾತಲ್ಲ. ಎಳೆಯ ಹುಳುಗಳನ್ನು ಚಾಕಿ ಕೇಂದ್ರದಲ್ಲಿ ಎರಡು ಜ್ವರಗಳವರೆಗೆ ಜೋಪಾನದಿಂದ ಸಾಕಿ, ಬಳಿಕ ರೈತರ ಮನೆಗೆ ಕೊಡುವುದಿಲ್ಲವೆ? ಹ್ಯಾಚರಿಯು ಪಚ್ಚಿಲೆಯ ಚಾಕಿಮನೆ.

ನಮ್ಮ ದೇಶದಲ್ಲಿ ಇದು ಬರಿಯ ಕನಸಲ್ಲ. ತೂತ್ತುಕುಡಿಯಲ್ಲಿ ೧೯೭೩ರಲ್ಲಿ ಕೆ. ಅಳಗರ್‌ಸ್ವಾಮಿಯವರು ಮುತ್ತಿನ ಸಿಂಪಿಯಿಂದ ಕೃಷಿಮುತ್ತನ್ನು ಪಡೆದರು. ೧೯೮೧ರಲ್ಲಿ ಅಲ್ಲಿಯೇ ಆ ಸಿಂಪಿಯ ಮರಿಗಳನ್ನು ಹ್ಯಾಚರಿಯಲ್ಲಿ ಸಾಕಿದರು. ಆ ಅನುಭವದ ಬಲದಿಂದ ೧೯೮೦ರ ದಶಕದಲ್ಲಿ ಕೇರಳದ ವಿಳಿಂಜಂನಲ್ಲಿ ಕಂದು ಬಣ್ಣದ ಜಾತಿಯನ್ನೂ ಮದರಾಸಿನ ಬಳಿ ಹಸಿರು ಪಚ್ಚಿಲೆಯನ್ನೂ ಡಿಂಬದಿಂದ ಮರಿಯವರೆಗೆ ಬೆಳೆಸಿ ತೋರಿಸಿದರು. ನ್ಯೂಜಿಲೆಂಡಿನ ಕತೆಯೂ ಗಮನಾರ್ಹವಾದುದು. ಅಲ್ಲಿನ ಬೇಸಾಯಗಾರರು ಉತ್ತರದ ಒಂದು ಕಡಲದಂಡೆಗೆ ಪಾಚಿಗಂಟಿಕೊಂಡು ಬಂದು ಬೀಳುವ ಮರಿಗಳನ್ನು ದಶಕಗಳಿಂದ ನಂಬಿದ್ದರು. ಅಲೆ ತಂದು ಹಾಕಿದ ದಿನ ಹಬ್ಬ, ಇಲ್ಲದ ದಿನ ಉಪವಾಸ. ೨೦೧೫ರಲ್ಲಿ ನೆಲ್ಸನ್ ನಗರದ ಬಳಿ ಪಚ್ಚಿಲೆಯ ಸೋದರಜಾತಿಗಾಗಿಯೇ ದೊಡ್ಡ ಹ್ಯಾಚರಿಯೊಂದು ಆರಂಭವಾಯಿತು. ಬಂಡೆಯ ಮರಿ ಅಗ್ಗವಾಗಿ ಸಿಗುವವರೆಗೆ ಹ್ಯಾಚರಿಯ ಮರಿ ದುಬಾರಿಯಾಗಿಯೇ ತೋರುವುದು. ಆದರೆ ಬಂಡೆಯ ಮರಿಯ ಬೆಲೆಯಲ್ಲಿ ಆ ಬಂಡೆ ಬರಿದಾಗುವ ನಷ್ಟವನ್ನು ಯಾರೂ ಸೇರಿಸಿ ಎಣಿಸುವುದಿಲ್ಲ. ಹದಕ್ಕೆ ಸರಿಯಾಗಿ, ನವೆಂಬರಿನ ನೀರು ಉಪ್ಪಾದ ವಾರದಲ್ಲಿಯೇ ಮರಿ ಕೈಗೆ ಬಂದರೆ ಅದರ ಲಾಭವೆಷ್ಟೆಂಬುದನ್ನೂ ಎಣಿಸಬೇಕು. ಈ ಎರಡನ್ನೂ ಕೂಡಿಸಿದ ಲೆಕ್ಕವೇ ಸರಿಯಾದ ಲೆಕ್ಕ.

ಕೆರೆಯ ಬಂಧು

ಹಾಗಾದರೆ ನಮ್ಮ ಕೆರೆಯ ಕಪ್ಪೆಚಿಪ್ಪಿನ ಮರಿಗಳನ್ನೂ ಹೀಗೆಯೇ ತೊಟ್ಟಿಯಲ್ಲಿ ಸಾಕಬಹುದೆ? ಇಲ್ಲಿ ನಿಸರ್ಗವು ಬೇರೊಂದು ಹಾದಿಯನ್ನು ಹಿಡಿದಿದೆ. ಹರಿಯುವ ಹೊಳೆಯಲ್ಲಿ ತೇಲುವ ಡಿಂಬವನ್ನು ಬಿಟ್ಟರೆ ಅದು ಕೊಚ್ಚಿಕೊಂಡು ಸಮುದ್ರವನ್ನೇ ಸೇರುವುದು. ಆದುದರಿಂದ ಸಿಹಿನೀರಿನ ತಾಯಿಯು ಮೊಟ್ಟೆಗಳನ್ನು ತನ್ನ ಕಿವಿರುಗಳಲ್ಲಿಯೇ ಇಟ್ಟುಕೊಂಡು ಕಾವು ಕೊಡುವುದು. ಹೊರಬಂದ ಡಿಂಬವು ಮೀನಿನ ಕಿವಿರನ್ನೋ ರೆಕ್ಕೆಯನ್ನೋ ಚಿಪ್ಪುಗಳಿಂದ ಕಚ್ಚಿ ಹಿಡಿದು, ಕೆಲವು ದಿನ ಅಲ್ಲಿಯೇ ಪರೋಪಜೀವಿಯಾಗಿದ್ದು, ರೂಪಾಂತರ ಮುಗಿಸಿ ಕೆಸರಿಗೆ ಬೀಳುವುದು. ೧೭೯೭ರಲ್ಲಿ ರಾಥ್ಕೆ ಎಂಬ ವಿಜ್ಞಾನಿಯು ತಾಯಿಯ ಕಿವಿರಿನಲ್ಲಿ ಈ ಡಿಂಬಗಳನ್ನು ಕಂಡು, ಇವು ಚಿಪ್ಪಿಗೆ ತಗುಲಿದ ಯಾವುದೋ ಪರೋಪಜೀವಿಗಳೆಂದು ಬಗೆದು ‘ಗ್ಲಾಕಿಡಿಯಮ್’ ಎಂದು ಹೆಸರಿಟ್ಟನು. ತಾಯಿಯ ಮಕ್ಕಳನ್ನೇ ತಾಯಿಯ ರೋಗವೆಂದು ತಿಳಿದಂತಾಯಿತು! ೧೮೬೬ರಲ್ಲಿ ಲೈಡಿಗ್ ಇವನ್ನು ಮೀನಿನ ಮೈಮೇಲೆ ಗುರುತಿಸಿದ ಮೇಲೆ ಕತೆಯ ಉಳಿದರ್ಧ ತಿಳಿಯಿತು.

ಇದರ ಅರ್ಥವನ್ನು ನಮ್ಮ ಸೀಮೆಯವರು ವಿಶೇಷವಾಗಿ ಗಮನಿಸಬೇಕು. ಪಚ್ಚಿಲೆಯ ಹ್ಯಾಚರಿಗೆ ಪಾಚಿ ಮತ್ತು ಶುದ್ಧ ನೀರು ಸಾಕು. ಕಪ್ಪೆಚಿಪ್ಪಿನ ಹ್ಯಾಚರಿಯಲ್ಲಿ ಮೀನೂ ಇರಬೇಕು. ವರ್ಷಗಟ್ಟಲೆ ಒಣಗಿದ ಕೆರೆಯಲ್ಲಿ ಚಿಪ್ಪು ಸತ್ತರೆ, ಮಳೆ ಬಂದು ನೀರು ತುಂಬಿದೊಡನೆ ಅದು ತಾನೇ ಹುಟ್ಟಿಬರುವುದಿಲ್ಲ. ಮೀನಿನ ಕಿವಿರೇರಿ ಬೇರೊಂದು ನೀರಿನಿಂದ ಬರಬೇಕು. ಕಳ್ಳಂಬೆಳ್ಳದ ಕೆರೆಗೂ ಶಿರಾದ ಕೆರೆಗೂ ನಾಲೆಯಲ್ಲಿ ಹೇಮಾವತಿಯ ನೀರು ಬಂದಾಗ ನೀರಿನೊಡನೆ ಮೀನೂ, ಮೀನಿನೊಡನೆ ಕಣ್ಣಿಗೆ ಕಾಣದ ಇಂತಹ ಪ್ರಯಾಣಿಕರೂ ಬರಬಲ್ಲರು. ಕೆರೆಯ ನೀರನ್ನು ಕೂಲಿಯಿಲ್ಲದೆ ಸೋಸುವ ಈ ಜೀವಿಯು ಉಳಿಯಬೇಕಾದರೆ ಕೆರೆಯಲ್ಲಿ ನೀರು ಉಳಿಯಬೇಕು, ಮೀನಿಗೆ ದಾರಿ ಉಳಿಯಬೇಕು.

ಕಡಲಿನ ಬಂಡೆಗೂ ಬಯಲಿನ ಕೆರೆಗೂ ಹೊಂದುವ ಪಾಠವೊಂದು ಇದರಲ್ಲಿದೆ. ಜೀವಿಯೊಂದನ್ನು ಉಳಿಸುವುದೆಂದರೆ ಅದರ ಅತ್ಯಂತ ಎಳೆಯ ದಿನಗಳನ್ನು ಉಳಿಸುವುದೆಂದೇ ಅರ್ಥ. ಪಚ್ಚಿಲೆಯ ಮೂರು ವಾರಗಳನ್ನು ಮನುಷ್ಯನು ತೊಟ್ಟಿಯಲ್ಲಿ ಕಾಯಬಲ್ಲನೆಂದು ಈಗ ತಿಳಿದಿದೆ. ಅದನ್ನು ಕಡಿಮೆ ಖರ್ಚಿನಲ್ಲಿ, ಹದ ತಪ್ಪದಂತೆ, ಹಳ್ಳಿಯ ಹಗ್ಗದವರೆಗೆ ಮುಟ್ಟಿಸುವ ಕೆಲಸವಿನ್ನೂ ಉಳಿದಿದೆ. ಅಗ್ಗವಾದ ಸೋಸುಗಳು, ಪಾಚಿಯನ್ನು ಬಿಸಿಲಿನಲ್ಲಿಯೇ ಶುದ್ಧವಾಗಿ ಬೆಳೆಸುವ ಉಪಾಯ, ಮರಿಗಳು ಬಿಟ್ಟುಹೋಗದಂತಹ ಹಗ್ಗದ ನೆಯ್ಗೆ: ಇವುಗಳಲ್ಲಿ ಒಂದೊಂದೂ ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನಗಳನ್ನು ಓದುವ ತರುಣರಿಗೆ ಸಲ್ಲುವ ಪ್ರಶ್ನೆ. ಅದನ್ನು ಎತ್ತಿಕೊಳ್ಳಲು ಸಮುದ್ರದ ದಂಡೆಯಲ್ಲಿಯೇ ಹುಟ್ಟಿರಬೇಕೆಂಬ ನಿಯಮವೇನೂ ಇಲ್ಲ.